ಉಣ್ಣೆ ಹಗ್ಗದ ಅಕ್ಷರ

ಹರಪನಹಳ್ಳಿ
3 ಅಕ್ಟೋಬರ್ 2024

ಅಕ್ಕನಿಗೆ ರೇಣುಕಾಳ ನಮಸ್ಕಾರಗಳು.

ನಾವೆಲ್ಲರೂ ಆರೋಗ್ಯವಾಗಿದ್ದೇವೆ. ಫೋನಿನಲ್ಲಿ ಮಾತಾಡಿದರೆ ನೀನು ಬೈಯುತ್ತೀ, ನಾನು ಅಳುತ್ತೇನೆ, ಅಂಗಡಿಯಲ್ಲಿ ಕೂತ ಇವರು ಎರಡನ್ನೂ ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಕಾಗದ ಬರೆದು ಮಗಳ ಚೀಲದಲ್ಲೇ ಇಟ್ಟಿದ್ದೇನೆ.

ಮಾಳವಿಕಾಳನ್ನು ದಸರಾ ರಜೆಗೆ ನಿನ್ನಲ್ಲಿಗೆ ಕಳಿಸುತ್ತಿದ್ದೇನೆ. ಪಕ್ಕದ ಮನೆಯ ಅಂಜಿನಕ್ಕ ಕಾನಹೊಸಹಳ್ಳಿಯ ತವರಿಗೆ ಹೊರಟಿದ್ದಾಳೆ, ಅವಳ ಜೊತೆ ಬರುತ್ತಾಳೆ. ಎರಡನೇ ತರಗತಿಗೆ ಬಂದರೂ ಹುಡುಗಿಗೆ ತನ್ನ ಹೆಸರು ಬರೆಯಲು ಬರುವುದಿಲ್ಲ. ಬಾಯಲ್ಲಿ ಎಲ್ಲ ಹೇಳುತ್ತಾಳೆ, ಪುಸ್ತಕ ಮುಂದಿಟ್ಟರೆ ಎದ್ದು ಓಡುತ್ತಾಳೆ. ರಜೆ ಮುಗಿದು ಶಾಲೆ ತೆರೆದ ಸೋಮವಾರ ಅವಳಿಂದ ಇನ್ನೊಮ್ಮೆ ಬರೆಸಿ ನೋಡುತ್ತಾರಂತೆ. ಆಗಲೂ ಬರೆಯದಿದ್ದರೆ ಹಿಂದಕ್ಕೆ, ಒಂದನೇ ತರಗತಿಗೆ. ಇವರು ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದೇವೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಾರೆ.

ಇಪ್ಪತ್ತು ವರ್ಷದಿಂದ ಅಂಗನವಾಡಿ ನಡೆಸುತ್ತಿರುವವಳು ನೀನು. ಮಕ್ಕಳು ನಿನ್ನ ಮಾತು ಕೇಳುತ್ತವೆ. ಚೀಲದಲ್ಲಿ ಎರಡು ಕಾಪಿ ಪುಸ್ತಕ ಇಟ್ಟಿದ್ದೇನೆ, ದಿನವೂ ಬರೆಸು. ಅವಳನ್ನು ಒಂದು ಕಡೆ ಕೂಡಿಸುವುದೊಂದೇ ಕಷ್ಟ. ಕೂಡಿಸಿದರೆ ಮುಂದಿನದು ಸುಲಭ.

ಇಂತಿ ನಿನ್ನ ತಂಗಿ,
ರೇಣುಕಾ


6-10-2024

ಬೀರಪ್ಪನ ಪಾದಕ್ಕ ಶರಣು ಅಂದು ಬರಿಯಾಕ ಹತ್ತೀನಿ.

ರೇಣಿ, ನಿನ್ನ ಮಗಳು ಮುಟ್ಟ್ಯಾಳ. ಮುಟ್ಟಿದ್ದಲ್ಲ, ಹಾರಿ ಬಂದಾಳ. ಬಸ್ಸು ನಿಲ್ಲೋಕ ಮೊದಲ ಕೆಳಗ ಹಾರಿ, ಸ್ಟ್ಯಾಂಡಿನ್ಯಾಗ ಬಾಳಿಹಣ್ಣಿನ ಬುಟ್ಟಿ ದಾಟಿ ನನ್ನ ಮ್ಯಾಲ ಬಂದು ಬಿದ್ದಳು. ಅಂಜಿನಕ್ಕ, "ತಗೋಬೇ ನಿಮ್ಮ ಹುಡುಗೀನ, ದಾರಿ ತುಂಬ ನನ್ನ ತೊಡಿ ತುಳದು ಹಣ್ಣು ಮಾಡ್ಯಾಳ" ಅಂದು ಕುಂಟಿಕೊಂತ ಹೋದಳು.

ಮಾಳವಿಕ ಅಂತ ಕರದ್ರ ತಿರುಗಿ ನೋಡಲಿಲ್ಲ. ಮಾಳವ್ವಾ ಅಂದೆ, ಓ ಅಂದಳು. ಮಾಳವ್ವ ಅಂತ ನಮ್ಮ ದೇವರ ಹೆಸರು ಇಟ್ಟು ಅದಕ್ಯಾಕ ಬಾಲ ಹಚ್ಚೀರಿ?

ನಿನ್ನ ಕಾಪಿ ಪುಸ್ತಕ ಎರಡೂ ಅಕ್ಕಿ ಡಬ್ಬಿ ಮ್ಯಾಲ ಇಟ್ಟೀನಿ. ಅಲ್ಲೇ ಇರಲಿ, ಅಲ್ಲಿಗೆ ಇಲಿ ಹತ್ತಂಗಿಲ್ಲ. ನಾ ಕಲಿಸೋದು ಬ್ಯಾರೆ ತರ ಐತಿ. ಹೋದ ವರ್ಷ ಕೂಡ್ಲಿಗ್ಯಾಗ ನಮಗ ತರಬೇತಿ ಇತ್ತು. ಒಬ್ಬ ಮೇಡಂ ಬಂದು ಹೇಳಿದರು, ಸಣ್ಣ ಮಕ್ಕಳ ಕೈಕಾಲು ಆಡಿದಾಗ ಮೆದುಳು ಎಚ್ಚರ ಆಗತೈತಂತ. ಬಲಗೈಲೆ ಎಡ ಮೊಣಕಾಲು, ಎಡಗೈಲೆ ಬಲ ಮೊಣಕಾಲು ಮುಟ್ಟಿಸ್ರಿ, ಹೊಸದನ್ನ ತುತ್ತು ತುತ್ತಾಗಿ ಕೊಡ್ರಿ, ನಡುನಡುವ ಎಬ್ಬಿಸಿ ಕುಣಿಸ್ರಿ, ನೀರು ಕುಡಿಸ್ರಿ, ಹೆದರಿದ ಕೂಸಿನ ತಲಿಯಾಗ ಏನೂ ಇಳಿಯಂಗಿಲ್ಲ ಅಂದರು. ನಾ ಹಿಂದಿನ ಸಾಲಿನ್ಯಾಗ ಕುಂತು ತೂಕಡಿಸತಿದ್ದೆ. ಎದ್ದು ಮೊಣಕಾಲು ಮುಟ್ಟ್ರಿ ಅಂದರು, ಮುಟ್ಟಿದೆ, ನಿದ್ದಿ ಹಾರಿಹೋತು. ಅವಾಗ ಆ ಮೇಡಂನ ಮಾತು ನಂಬಿದೆ.

ಅಪ್ಪನ ಹಳೇ ಉಣ್ಣಿ ಹಗ್ಗ ನೆನಪೈತೇನು, ಕುರಿ ಹಟ್ಟಿಗೆ ಕಟ್ಟತಿದ್ದದ್ದು? ಅದನ್ನ ಈಗ ಅಂಗನವಾಡಿ ನೆಲದ ಮ್ಯಾಲ ಅಕ್ಷರದಂಗ ಹಾಸತೀನಿ. ಮಕ್ಕಳು ಬರಿಗಾಲಿಲೆ ಅದರ ಮ್ಯಾಲ ನಡೀತಾವ, ಬಾಯಿಲೆ ಅಕ್ಷರ ಅಂತಾವ. ಕಾಲಿಗೆ ತಿರುವು ಗೊತ್ತಾದ್ರ ಕೈಗೆ ತಾನ ಗೊತ್ತಾಗತೈತಿ.

ನಗೋ ಮಾತು ಒಂದು ಕೇಳು. ನಿನ್ನೆ ನಾ ಆ ಹಗ್ಗ ಹಿಡಕೊಂಡು ಬಂದೆ. ಬರಿಯೋಣ ಬಾರವ್ವ ಅಂದೆ. ಮಾಳಿ ಹಗ್ಗ ನೋಡಿದ್ದ ತಡ, ಗ್ವಾಡಿಗೆ ಆತು ಕುಂತು, ಎರಡೂ ಕಾಲು ಜೋಡಿಸಿ ನನ್ನ ಕಡೆ ಚಾಚಿದಳು. ಉಣ್ಣಿ ಕತ್ತರಿಸೋ ಮುಂದ ಕುರಿ ಕಾಲು ಕಟ್ಟತಾರಲ್ಲ, ಥೇಟ್ ಹಂಗ. ನಾ ಹೊಟ್ಟಿ ಹಿಡಕೊಂಡು ನಕ್ಕೆ. ಊರು ಬಿಟ್ಟು ಪ್ಯಾಟ್ಯಾಗ ಬೆಳದ್ರೂ ಕುರುಬರ ಕೂಸು ಕುರಿ ಆಟನ ಆಡತೈತಿ ನೋಡು. ರಕ್ತ ಎಲ್ಲಿ ಹೋಗಬೇಕು.

ನಿನ್ನ ಅಕ್ಕ
ಪಕ್ಕೀರಮ್ಮ


ಹರಪನಹಳ್ಳಿ
9 ಅಕ್ಟೋಬರ್ 2024

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ನಾನು ಕಳಿಸಿದ್ದು ಆಟ ಆಡಿಸುವುದಕ್ಕಲ್ಲ. ಅಂಗನವಾಡಿಗೆ ಬರುವುದು ಮೂರು ನಾಲ್ಕು ವರ್ಷದ ಮಕ್ಕಳು, ಅವುಗಳಿಗೆ ಕುಣಿತ ಸಾಕು. ಮಾಳವಿಕಾಳಿಗೆ ಏಳು ತುಂಬಿದೆ. ಪರೀಕ್ಷೆಯಲ್ಲಿ ಯಾರೂ ನೆಲದ ಮೇಲೆ ಹಗ್ಗ ಹಾಸುವುದಿಲ್ಲ.

ದಯವಿಟ್ಟು ಪುಸ್ತಕ ತೆಗೆದು ಬರೆಸು. ಹಗ್ಗವನ್ನು ಅವಳ ಕಣ್ಣಿಗೆ ಬೀಳದ ಹಾಗೆ ಎತ್ತಿಡು. ಇವರು ದಿನವೂ ಎಷ್ಟು ಪುಟ ಆಯಿತೆಂದು ಕೇಳುತ್ತಾರೆ, ನಾನು ಆಗುತ್ತಿದೆ ಎಂದು ಹೇಳುತ್ತಿದ್ದೇನೆ. ನನ್ನ ಮಾತು ಸುಳ್ಳಾಗದಂತೆ ನೋಡಿಕೋ.

ರೇಣುಕಾ


13-10-2024

ರೇಣುಕಾಗ,

ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತ ಊರಿನವರೆಲ್ಲ ನಿನ್ನೆ ಹೇಳಿಕೊಂಡ್ವಿ. ನಿನ್ನ ಪಾಲಿನ ಎಲಿ ಈ ಕಾಗದದಾಗ ಇಟ್ಟೀನಿ. ತಗೋ, ಆದ್ರ ಬೈಗಳನೂ ಜೊತಿಗೆ ತಗೋ.

ಹಗ್ಗ ಎತ್ತಿಡಂಗಿಲ್ಲ. ಕಾಪಿ ಪುಸ್ತಕ ಡಬ್ಬಿ ಮ್ಯಾಲಿಂದ ಇಳಿಸಂಗಿಲ್ಲ. ನಿನ್ನ ಗಂಡಗ ನೀ ಸುಳ್ಳು ಹೇಳಿದ್ರ ಅದು ನಿನ್ನ ಪಾಡು.

ಅವ್ವ ನಮಗ ಉಣ್ಣಿ ನೂಲಾಕ ಹೆಂಗ ಕಲಿಸಿದಳು? ಕೂಡಿಸಿ ಕಲಿಸಿದಳೇನು? ಕೈಯಾಗ ಕದರು ಕೊಟ್ಟು, ನಡಿ ಅಂತ ದಾರಿಗೆ ಬಿಟ್ಟಳು. ನಡದಂಗ ನಡದಂಗ ಎಳಿ ಸಮ ಬಂತು. ನೀ ಹದಿನಾರರ ಮಗ್ಗಿ ಬಾಯಿಪಾಠ ಮಾಡಿದ್ದು ಎಲ್ಲಿ? ಕುರಿ ಹಿಂದ. ತಪ್ಪಿದ ಕಡೆ ನಿಂತು, ಹಿಂದಕ್ಕ ಬಂದು, ತಿರುಗಿ ನಡಕೊಂತ ಅಂತಿದ್ದಿ. ಹಂಗ ಕಲತು ಹತ್ತನೇತ್ತ್ಯಾಗ ಲೆಕ್ಕದಾಗ ಊರಿಗೆ ಮೊದಲು ಬಂದಿ. ಈಗ ಪ್ಯಾಟಿ ಮನಿ ಟೈಲ್ಸ್ ಮ್ಯಾಲ ನಿಂತು, ಕಾಲಿಗೂ ಕಲಿಯಾಕೂ ಏನು ಸಂಬಂಧ ಅಂತಿ.

ಇಲ್ಲಿ ನನ್ನ ಮ್ಯಾಲ ಬೈಯೋರು ಕಡಿಮಿ ಇಲ್ಲ. ಮೊನ್ನೆ ಯರ್ರೆಪ್ಪಜ್ಜ ಬಾಗಲಿಗೆ ಬಂದು, "ಇದೇನಬೇ, ಅಂಗನವಾಡಿನೋ ಡೊಳ್ಳಿನ ಮೇಳನೋ?" ಅಂದ. ನಿನ್ನ ಮೊಮ್ಮಗ ಎಣಿಸಾಕ ಕಲತನೋ ಇಲ್ಲೋ ಅದನ್ನ ಹೇಳು ಅಂದೆ. "ಕಲತಾನ ಖರೆ, ಆದ್ರ ಮನ್ಯಾಗ ರೊಟ್ಟಿ ಎಣಿಸಾಕೂ ಹಾರತಾನ" ಅಂದ. ಹಾರಲಿ ಬಿಡು, ರೊಟ್ಟಿ ಲೆಕ್ಕ ತಪ್ಪಿಲ್ಲಲ್ಲ ಅಂದು ಕಳಿಸಿದೆ.

ಇದ್ದದ್ದು ಇದ್ದಂಗ ಹೇಳತೀನಿ, ಮಾಳಿಗೆ ಇನ್ನೂ ಕೈ ಹೊಂದಿಲ್ಲ. ಕಣ್ಣು ಮುಚ್ಚಿಸಿ ಹಗ್ಗದ ಮ್ಯಾಲ ಬಿಟ್ರ, ಇದು 'ಮ', ಇದು 'ಳ' ಅಂತ ಕಾಲಿಲೆ ಗುರುತು ಹಿಡೀತಾಳ. ಪಾಟಿ ಕೊಟ್ಟು ಕೂಡಿಸಿದೆ ಅಂದ್ರ ಗೊಂಬಿ ಆಗತಾಳ. ಕೈಯಾಗಿನ ಬಳಪ ಬೆವರಿನ್ಯಾಗ ತೊಯ್ಯತೈತಿ. ಯಾಕ ಅಂತ ನನಗ ತಿಳಿವಲ್ದು. ಆದ್ರ ನಾ ಬಿಡಾಕಿ ಅಲ್ಲ.

ಇನ್ನ ನಿನ್ನ ಮಾತು. ನಿನಗ ಕೂಸಿಗಿಂತ ಮಾನ ದೊಡ್ಡದಾಗೈತಿ ರೇಣಿ. ಗಂಡನ ಅಂಗಡಿ ಮುಂದ ನಿಂತ ನಾಕು ಮಂದಿ ಏನಂದಾರು ಅನ್ನೋದ ನಿನಗ ಚಿಂತಿ. ಬಿಚ್ಚಿ ಹೇಳತೀನಿ, ಸಿಟ್ಟು ಬಂದ್ರ ಬರಲಿ.

ಪಕ್ಕೀರಮ್ಮ


14-10-2024

ರೇಣುಕಾ,

ನಿನ್ನೆ ಒಂದು ಕಾಗದ ಹಾಕೀನಿ. ಅದು ಮುಟ್ಟೋಕ ಮೊದಲ ಇದು ಮುಟ್ಟಲಿ ಅಂತ ಬಸ್ಸಿನ ಕಂಡಕ್ಟರ್ ದುರುಗೇಶನ ಕೈಯಾಗ ಕೊಡತೀನಿ. ನೀನೂ ಅವನ ಕೈಯಾಗ ಉತ್ತರ ಕೊಟ್ಟು ಕಳಸು.

ಇವತ್ತು ಯರ್ರೆಪ್ಪಜ್ಜನ ಹಟ್ಟ್ಯಾಗ ಉಣ್ಣಿ ಕತ್ತರಿಸತಿದ್ರು. ಮಕ್ಕಳನ್ನ ಸಾಲಾಗಿ ನಡಿಸಿಕೊಂಡು ತೋರಿಸಾಕ ಹೋಗಿದ್ದೆ. ಒಂದು ಕರೇ ಕುರಿ ಕಾಲು ಕಟ್ಟಿ ಮಗ್ಗಲಿಗೆ ಕೆಡವಿದ್ರು, ಅದು ಒದ್ದಾಡಿ ಒದರತಿತ್ತು. ಉಳಿದ ಮಕ್ಕಳು ನಗತಿದ್ವು. ಮಾಳಿ ಒಬ್ಬಾಕಿ ಹೋಗಿ ಅದರ ತಲಿ ಹತ್ತಿರ ಕುಂತಳು. ಕಿವಿಯಾಗ ಏನೋ ಹೇಳಾಕ ಹತ್ತಿದ್ದಳು. ನಾ ಹಿಂದ ನಿಂತು ಕೇಳಿದೆ.

"ಅಳಬ್ಯಾಡ. ಬರದು ಮುಗಿಸಿದ್ರ ಬಿಚ್ಚತಾರ."

ಹಗ್ಗ ನೋಡಿ ಆಕಿ ಕಾಲು ಚಾಚಿದ್ದು, ನಾ ನಕ್ಕಿದ್ದು, ಅದನ್ನ ನಿನಗ ನಗೋ ಮಾತು ಅಂತ ಬರದಿದ್ದು, ಎಲ್ಲ ಒಂದ ಸಲ ತಲಿಗೆ ಬಂತು. ಮನಿಗೆ ಬರೋ ದಾರ್ಯಾಗ ಮೆಲ್ಲಕ ಕೇಳಿದೆ, ಯಾರವ್ವ ಬಿಚ್ಚೋರು?

"ಅವ್ವ" ಅಂದಳು.

ಇದಕ್ಕ ನೀ ಏನಂತಿ ಬರಿ. ನಾ ಮುಂದ ಏನೂ ಬರಿಯಂಗಿಲ್ಲ.

ಪಕ್ಕೀರಮ್ಮ


ಹರಪನಹಳ್ಳಿ
16 ಅಕ್ಟೋಬರ್

ಅಕ್ಕ,

ಹೌದು, ಕಟ್ಟೀನಿ. ಸಾಲಿಯವರಲ್ಲ, ಇವರಲ್ಲ, ನಾನ. ಹಳೇ ಸೀರಿ ಅಂಚು ಹರದು, ಮೆತ್ತಗಿರತೈತಿ ಅಂತ ಅದರಾಗ ಕಟ್ಟೀನಿ. ಒಂದು ಗೀರು ಆಗಿಲ್ಲ, ನೋಡಿಕೋ ಬೇಕಾದ್ರ. ಆಕಿ ಅತ್ತೂ ಇಲ್ಲ. ಮೊದಮೊದಲು ಕೊಸರಾಡಿದಳು, ಆಮ್ಯಾಲ ಸಂಜಿ ಆದ್ರ ತಾನ ಕಾಲು ಚಾಚತಿದ್ದಳು. ಕೂಸು ಒಪ್ಪಿಕೊಂಡೈತಿ ಅಂತ ನಾ ತಿಳಕೊಂಡೆ.

ನಿನಗೇನು ಗೊತ್ತು ಹೇಳು. ನಿನ್ನ ಅಂಗನವಾಡಿ ಮಕ್ಕಳು ಕಲೀದಿದ್ರ ನಿನ್ನ ಕರದು ಯಾರೂ ನಿಲ್ಲಿಸಂಗಿಲ್ಲ. ನನ್ನ ನಿಲ್ಲಿಸಿದ್ರು. ಪಾಲಕರ ಸಭಿಯಾಗ, ಎಲ್ಲರ ಮುಂದ. ಮಾಳವಿಕನ ತಾಯಿ ಯಾರು ಅಂದ್ರು, ಎದ್ದು ನಿಂತೆ. ಹೆಡ್ ಮೇಡಂ ನಕ್ಕೋತ ಹೇಳಿದ್ರು, "ಇವು ಕುರಿ ಹಿಂದೆ ತಿರುಗಿದ ಕಾಲು ನೋಡಿ, ಬೆಂಚಿನ ಕೆಳಗೆ ನಿಲ್ಲಲ್ಲ." ಸಭಿ ಎಲ್ಲ ನಕ್ಕಿತು. ನಾನೂ ನಕ್ಕೆ ಅಕ್ಕ. ನಗದಿದ್ರ ಅಲ್ಲೇ ಅಳಬೇಕಾಗಿತ್ತು. ಇವರು ಸಭಿಗೆ ಬಂದಿರಲಿಲ್ಲ, ನಾ ಹೇಳಿಲ್ಲ. ಹೇಳಿದ್ರ ಇವರಿಗೆ ಅಂಗಡಿಯಾಗ ತಲಿ ಎತ್ತಾಕ ಆಗಂಗಿಲ್ಲ.

ಆ ಕಾಲು ನಿಲ್ಲತಾವ ಅಂತ ತೋರಿಸಬೇಕಾಗಿತ್ತು ನನಗ. ಅದಕ್ಕ ಕಟ್ಟಿದೆ.

ಮಾನ ದೊಡ್ಡದಾಗೈತಿ ಅಂತ ಬರದಿ. ಆ ಕಾಗದನೂ ಮುಟ್ಟೈತಿ. ನಿಂತಾಕಿ ನಾನು, ನೀ ಅಲ್ಲ. ಸೋಮವಾರ ಬರಿಸಿ ನೋಡತಾರ. ಬೈಯೋದು ಉಳದಿದ್ರ ಅದಾದ ಮ್ಯಾಲ ಬೈ. ಈಗ ಕೂಸಿನ್ನ ಅಂಜಿನಕ್ಕನ ಜೊತಿ ಕಳಿಸಿಬಿಡು.

ರೇಣುಕಾ


18-10-2024

ರೇಣಿ,

ನಿನ್ನ ಕಾಗದ ಓದಿ ಬೀರಪ್ಪನ ಗುಡಿಗೆ ಹೋಗಿ ಕುಂತಿದ್ದೆ. ಅಷ್ಟು ಮಂದಿ ನಡುವ ನೀ ಒಬ್ಬಾಕಿ ನಿಂತದ್ದು ಕಣ್ಣಿಗೆ ಕಟ್ಟಿದಂಗ ಆತು. ಮಾನದ ಮಾತು ಬರದ ಆ ಕಾಗದ ಒಲಿಗೆ ಹಾಕು. ನನಗ ತಿಳೀದ ಬರದದ್ದು ಅದು.

ಆದ್ರ ಕೂಸಿನ್ನ ಅಂಜಿನಕ್ಕನ ಜೊತಿ ಕಳಿಸಂಗಿಲ್ಲ. ಭಾನುವಾರ ನೀ ಬಾ. ನೀನ ಬಾ. ಯಾಕಂದ್ರ ಹೇಳತೀನಿ.

ನಮ್ಮ ಗುಡಿಗೆ ದೇವರ ಮರಿ ಬಿಡೋ ಮುಂದ ಹೆಂಗ ಮಾಡತಾರ, ಮರತಿ ಏನು? ಹೊತ್ತು ಒಳಗ ಒಯ್ಯಂಗಿಲ್ಲ, ಎಳಕೊಂಡೂ ಹೋಗಂಗಿಲ್ಲ. ಹಗ್ಗ ಬಿಚ್ಚಿ ಹೊಸ್ತಿಲ ಮುಂದ ನಿಲ್ಲಿಸಿ, ಬಂಡಾರ ಹಚ್ಚಿ, ಎಲ್ಲರೂ ಹಿಂದಕ್ಕ ಸರದು ನಿಲ್ಲತಾರ. ಅದು ತನ್ನ ಕಾಲಿಲೆ ತಾನ ಹೊಸ್ತಿಲು ದಾಟಬೇಕು. ಬಿಸಲು ನೆತ್ತಿಗೆ ಬರಲಿ, ಹೊಟ್ಟಿ ಹಸೀಲಿ, ಊರಿಗೆ ಊರ ಕಾಯತೈತಿ. ಕಟ್ಟಿ ತಂದದ್ದನ್ನ ನಮ್ಮ ಬೀರಪ್ಪ ಮುಟ್ಟಂಗಿಲ್ಲ. ಒಂದು ಮರಿಗೆ ಅಷ್ಟು ಮರ್ಯಾದಿ ಕೊಡೋ ಮಂದಿ ನಾವು. ಕೂಸಿನ ಕಾಲು ಕಟ್ಟಿ ಸರಸ್ವತಿ ಮುಂದ ಕೂಡಿಸಿದ್ರ ಆ ತಾಯಿ ಮುಖ ತಿರುವದ ಇರತಾಳೇನು?

ಕುರಿ ಹಿಂದ ತಿರುಗಿದ ಕಾಲು ಅಂದ್ರಂತ. ಹೌದ್ರಿ ಅನ್ನು. ಆ ಕಾಲು ಅಡವಿಯಾಗ ಒಮ್ಮೆ ನಡದ ದಾರಿ ಮರಿಯಂಗಿಲ್ಲ ಅನ್ನು. ನಾಚಿಕಿ ಪಡೋರು ನಾವಲ್ಲ.

ಇನ್ನ ಬುಧವಾರದ ಸುದ್ದಿ ಕೇಳು. ನಾ ಗ್ವಾಡಿ ಬುಡಕ್ಕ ಕೆಮ್ಮಣ್ಣು ಸಾರಿಸತಿದ್ದೆ. ಮಾಳಿ ಹಗ್ಗದ ಮ್ಯಾಲ ನಡದು ಬಂದಾಕಿ ನನ್ನ ಬೋಗಾಣಿಯಾಗ ಬಟ್ಟು ಅದ್ದಿ, ನಿಂತಕೊಂಡ, ಗ್ವಾಡಿ ಮ್ಯಾಲ ತನ್ನ ಎದಿ ಎತ್ತರಕ್ಕ ಬರದಳು. ಮಾ. ಳ. ವ್ವ. ಒತ್ತು ಕೊಟ್ಟು ಬರದಳು ರೇಣಿ. ಬರಿಯೋ ಮುಂದ ಎರಡೂ ಕಾಲು ನಿಂತಲ್ಲೇ ಆಡತಿದ್ವು, ಹಗ್ಗದ ಮ್ಯಾಲ ಹಾಕಿದ ಹೆಜ್ಜಿನ ಮತ್ತ ಹಾಕಿದಂಗ. ಕುಂತು ಬರಿಯವ್ವ ಅಂತ ನೋಡಿದೆ. ಕುಂತಳು, ಕೈ ನಿಂತುಬಿಟ್ಟಿತು. ಎದ್ದು ಬರಿ ಅಂದೆ, ಮತ್ತ ಬಂತು. ಪೂರಾ ಗ್ವಾಡಿ ಕೆಟ್ಟೈತಿ. ಒರಸಂಗಿಲ್ಲ, ನೀ ಬಂದು ನೋಡು.

ಆಕಿಗೆ ಕುಂತ್ರ ಸೀರಿ ಅಂಚು ನೆನಪಾಗತೈತಿ. ನಿಂತ್ರ ಅಕ್ಷರ ನೆನಪಾಗತೈತಿ. ಇಷ್ಟ ಇದರ ಗುಟ್ಟು. ಸೋಮವಾರ ಆ ಸಾಲಿಯವರಿಗೆ ಇದನ್ನ ಹೇಳಬೇಕಾದಾಕಿ ನಾನಲ್ಲ, ನೀನು.

ಬರೋ ಮುಂದ ಬರಿಗೈಲೆ ಬಾ. ಬಂದ ಮ್ಯಾಲ ಕೂಸಿನ್ನ ಮುಟ್ಟೋಕ ಮೊದಲ ಈ ಹಗ್ಗದ ಮ್ಯಾಲ ನೀ ಒಂದು ಸಲ ನಡದು ತೋರಿಸಬೇಕು. ಆಕಿ ನೋಡಲಿ.

ನಿನ್ನ ಅಕ್ಕ


ಹರಪನಹಳ್ಳಿ
10 ನವೆಂಬರ್

ಅಕ್ಕ, ಶರಣು.

ಸಿಟ್ಟಾಗಿ ಕಾಗದ ಬಿಟ್ಟಾಳ ಅಂತ ತಿಳದಿರತಿ. ಸಿಟ್ಟಲ್ಲ. ಬರಿಯಾಕ ಕುಂತ್ರ ಬರತಿರಲಿಲ್ಲ, ನನಗೂ. ಅವತ್ತು ಭಾನುವಾರ ನೀ ಹಗ್ಗ ಹಾಸಿದಾಗ ಬಸ್ಸಿಗೆ ಹೊತ್ತಾತು ಅಂತ ಹೇಳಿ ಕೂಸಿನ್ನ ಬಗಲಿಗೆ ಹಾಕಿಕೊಂಡು ಬಂದುಬಿಟ್ಟೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ನಿನಗೂ ಗೊತ್ತಿತ್ತು.

ಸೋಮವಾರದ ಕತಿ ಹೇಳತೀನಿ. ಹೆಡ್ ಮೇಡಂ ಕೋಣ್ಯಾಗ ಮಾಳಿನ್ನ ಕುರ್ಚಿ ಮ್ಯಾಲ ಕೂಡಿಸಿ ಹಾಳಿ ಕೊಟ್ಟರು. ಕೂಸು ಎರಡೂ ಕಾಲು ಜೋಡಿಸಿಕೊಂಡು ಕುಂತಿತು. ಹಾಳಿ ಹಂಗ ಬೆಳ್ಳಗ ಉಳೀತು. ಮೇಡಂ ನನ್ನ ಕಡೆ ನೋಡಿ, ಕುಂದರ್ರಿ, ಮಾತಾಡೋಣ ಅಂದ್ರು.

ಇಲ್ರಿ, ನಿಂತ ಹೇಳತೀನಿ ಅಂದೆ.

ನನ್ನ ಧ್ವನಿ ನನಗ ಬ್ಯಾರೆ ಅನಸ್ತು ಅಕ್ಕ. ನನ್ನ ಮಗಳು ಕುಂತ್ರ ಬರಿಯಂಗಿಲ್ರಿ, ನಿಂತ್ರ ಬರೀತಾಳ, ಬೋರ್ಡಿನ ಹತ್ತಿರ ಬಿಟ್ಟು ನೋಡ್ರಿ ಅಂದೆ. ಹಂಗ ರೂಲ್ಸ್ ಇಲ್ಲ ಅಂದ್ರು. ನಾ ಮೇಜಿನ ಮ್ಯಾಲಿನ ಚಾಕ್ ತಗೊಂಡು ಮಾಳಿ ಕೈಯಾಗ ಕೊಟ್ಟೆ. ಎದ್ದಳು. ನೆಲದ ಮ್ಯಾಲ ಹಗ್ಗ ಇಲ್ಲದಿದ್ರೂ ಇದ್ದಂಗ ತಿರುವಿ ತಿರುವಿ ನಡದಳು, ಬೋರ್ಡಿಗೆ ಹೋದಳು, ತನ್ನ ಹೆಸರು ಬರದಳು, ನನ್ನ ಹೆಸರು ಬರದಳು. ರೇಣುಕಾದಾಗ 'ಣ'ಕ್ಕ ಸುತ್ತು ಒಂದು ಹೆಚ್ಚಾತು, ಅದು ಬ್ಯಾರೆ ಮಾತು.

"ಒಬ್ಬಳನ್ನ ನಿಲ್ಲಿಸಿದರೆ ನಾಳೆ ಎಲ್ಲರೂ ನಿಲ್ಲುತ್ತಾರೆ" ಅಂದ್ರು ಮೇಡಂ.

"ನಿಲ್ಲಲಿ ಬಿಡ್ರಿ. ಸಭಿಯಾಗ ನೀವು ಅಂದ ಕುರಿ ಹಿಂದಿನ ಕಾಲು ಇವ. ಹೆಸರು ಬರದಾವ, ನೋಡಿಕೊಳ್ರಿ."

ಆದ್ರೂ ಒಂದನೇ ತರಗತಿಗೇ ಕೂಡಿಸತೀವಿ ಅಂದ್ರು. ಕೂಡಿಸಬ್ಯಾಡ್ರಿ, ಟಿಸಿ ಕೊಡ್ರಿ ಅಂದೆ. ಈಗ ನಮ್ಮ ಓಣಿ ಸರಕಾರಿ ಸಾಲ್ಯಾಗ ಎರಡನೇತ್ತ್ಯಾಗ ಅದಾಳ. ಅಲ್ಲಿ ಗಂಗಾಂಬಿಕಾ ಟೀಚರ್‌ಗೆ ಮೊದಲ ದಿನನ ಎಲ್ಲ ಹೇಳಿದೆ, ಸೀರಿ ಅಂಚಿನ ಮಾತನ್ನೂ ಬಿಡದ. ಅವರು, ಹಿಂದಿನ ಗ್ವಾಡಿ ಖಾಲಿ ಐತ್ರಿ, ಅದು ಆಕಿದ ಅಂದ್ರು. ಎಲ್ಲ ಸರಿ ಹೋಗಿಲ್ಲ. ಒತ್ತಕ್ಷರ ಇನ್ನೂ ತಪ್ಪತಾವ, ಕುಂತು ಬರಿಯೋದು ಇನ್ನೂ ಬಂದಿಲ್ಲ. ಬರತೈತಿ, ಅವಸರ ಇಲ್ಲ.

ಇವರು ನನ್ನ ಜೊತಿ ದೀಪಾವಳಿ ತನಕ ಮಾತು ಬಿಟ್ಟಿದ್ರು. ಮಾಳಿ ಏನು ಮಾಡಿದಳು, ಅಂಗಡಿ ಶೆಟರ್ ಮ್ಯಾಲ ಚಾಕ್‌ಲೆ ಬರಿಯೋದು ಹಚ್ಚಿದಳು. ಮುಂಜಾನಿ ಇವರು ಶೆಟರ್ ಎತ್ತಿದ್ರ ಅಕ್ಷರ ಎಲ್ಲ ಸುತ್ತಿಕೊಂಡು ಮ್ಯಾಲ ಹೋಗತಾವ, ಸಂಜಿ ಇಳಿಸಿದ್ರ ಮತ್ತ ಕೆಳಗ ಬರತಾವ. ಆಕಿಗೆ ಅದ ಮೋಜು. ಲಕ್ಷ್ಮೀಪೂಜೆಗೆ ಶೆಟರ್ ತೊಳಿಯೋ ಮುಂದ ಸಭಿಯಾಗ ಆದ ಮಾತು ಇವರಿಗೆ ಹೇಳಿದೆ. ಕೈಯಾಗ ಅರಿವಿ ಹಿಡಕೊಂಡು ಕೇಳಿದ್ರು. ಶೆಟರ್ ಪೂರಾ ತೊಳದ್ರು, ಮಾಳಿ ಎತ್ತರಕ್ಕಿದ್ದ ಒಂದು ಪಟ್ಟಿ ಬಿಟ್ಟು. ಗಿರಾಕಿ ಒಬ್ಬ ಅದೇನು ಬಿಟ್ಟೀರಿ ಅಂದದ್ದಕ್ಕ, ನನ್ನ ಮಗಳು ಬರದದ್ದು, ಒರಗಬ್ಯಾಡ ಅಂದ್ರು.

ನಿನ್ನೆ ಸಂಜಿ ಆ ಸೀರಿ ಅಂಚು ಮಾಳಿ ಕೈಗೆ ಸಿಕ್ಕಿತು. ನಾ ಅದನ್ನ ಒಗದಿರಲಿಲ್ಲ, ಹಾಸಿಗಿ ಬುಡಕ್ಕ ತುರುಕಿದ್ದೆ. ಹಿಡಕೊಂಡು ನನ್ನ ಮುಂದ ಬಂದು ನಿಂತಳು. ಆಕಿ ಅದನ್ನ ನೆಲದ ಮ್ಯಾಲ ಹಾಸಾಕ ಹತ್ತಿದಳು, ಒಂದು ಸುತ್ತು, ಒಂದು ತಿರುವು, ಒಂದು ಬಾಲ. ಹಾಸಿ, ಅವ್ವಾ ನಡಿ ಅಂದಳು.

ನಡದೆ ಅಕ್ಕ. ನಿನ್ನ ಮುಂದ ನಡೀಲಾರದಾಕಿ ಆಕಿ ಮುಂದ ನಡದೆ. ಕಣ್ಣಿಗೆ ನೀರು ತುಂಬಿ ಯಾವ ಅಕ್ಷರ ಅಂತ ಕಾಣಲಿಲ್ಲ, ತಿರುವಿನ್ಯಾಗ ಹೆಜ್ಜಿ ತಪ್ಪಿತು. ಮಾಳಿ ಕೆಳಗ ಕುಂತು ಎರಡೂ ಕೈಲೆ ನನ್ನ ಕಾಲು ಹಿಡದಳು. ನಾ ಹೆದರಿ ಎರಡೂ ಕಾಲು ಜೋಡಿಸಿ ನಿಂತೆ.

ಕಟ್ಟಲಿಲ್ಲ ಆಕಿ. ಹಿಡದ ಕಾಲು ಮೆತ್ತಗ ಎತ್ತಿ, ಮುಂದಿನ ತಿರುವಿನ ಮ್ಯಾಲ ಇಟ್ಟಳು.

ನಿನ್ನ ತಂಗಿ
ರೇಣಿ